ಒಂದೇ ಯುದ್ಧ, ಎರಡು ಕಾರ್ಖಾನೆ

ಬೆಂಗಳೂರಿನ ವಿಮಾನ ಕಾರ್ಖಾನೆಯ ಹುಟ್ಟನ್ನು ಯಾರು ಹೇಳಹೊರಟರೂ ಒಂದು ಆಕಸ್ಮಿಕ ಭೇಟಿಯಿಂದಲೇ ಶುರುಮಾಡುತ್ತಾರೆ. 1939ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರಿಗೆ ವಿಮಾನ ಪ್ರಯಾಣದಲ್ಲಿ ಅಮೆರಿಕದ ವಿಮಾನ ವ್ಯಾಪಾರಿ ವಿಲಿಯಂ ಪಾಲಿ ಸಿಕ್ಕರು, ಮಾತಿಗೆ ಮಾತು ಬೆಳೆಯಿತು, ಕಾರ್ಖಾನೆ ಎದ್ದಿತು. ಕೇಳಲು ಸೊಗಸಾದ ಕಥೆ. ಆದರೆ ಅದಕ್ಕೆ ಎಷ್ಟೋ ವರ್ಷ ಮೊದಲೇ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಮೋಟಾರು ಕಾರ್ಖಾನೆಯ ಯೋಜನೆ ಹಿಡಿದು ದೇಶ ವಿದೇಶ ಸುತ್ತಿದ್ದರು, ವಾಲ್‌ಚಂದ್ ಅದಕ್ಕೆ ಕೈಜೋಡಿಸಿದ್ದರು. ಮೈಸೂರು ಸರ್ಕಾರಕ್ಕೆ ಮನಸ್ಸಿತ್ತು, ಬ್ರಿಟಿಷರಿಗೆ ಇರಲಿಲ್ಲ. ಕಾರು ಕೊನೆಗೆ ಮುಂಬೈ ಪಾಲಾಯಿತು. ಮೇಲೂರು, ಶಿಡ್ಲಘಟ್ಟದ ಕಡೆ ವಿಶ್ವೇಶ್ವರಯ್ಯ ಎಂದರೆ ಇಂದಿಗೂ ಕನ್ನಂಬಾಡಿ ಕಟ್ಟೆಯಷ್ಟೇ. ತಮ್ಮದೇ ಜಿಲ್ಲೆಯವರ ಈ ಸೋತ ಜಗಳ ಯಾರ ಬಾಯಲ್ಲೂ ಇಲ್ಲ.

ಆ ಜಗಳದ ತೂಕ ತಿಳಿಯಲು ಆಸ್ಟ್ರೇಲಿಯಾದ ಲಾರೆನ್ಸ್ ವ್ಯಾಕೆಟ್ ಅವರ ಬದುಕನ್ನು ಪಕ್ಕದಲ್ಲಿಟ್ಟು ನೋಡಬೇಕು. 1896ರಲ್ಲಿ ಹುಟ್ಟಿದ ವ್ಯಾಕೆಟ್ ಮೊದಲ ಮಹಾಯುದ್ಧದ ವೈಮಾನಿಕ. 1918ರ ಜುಲೈ 4ರಂದು ಫ್ರಾನ್ಸಿನ ಹಾಮೆಲ್ ಕಾಳಗದಲ್ಲಿ ಮುಂದೆ ನುಗ್ಗಿದ್ದ ಸೈನಿಕರಿಗೆ ಗುಂಡಿನ ಪೆಟ್ಟಿಗೆಗಳು ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಇಳಿದವಲ್ಲ, ಆ ಏರ್ಪಾಟು ಅವರ ತಲೆಯಿಂದ ಬಂದದ್ದು. ಗಣಿ, ಉಕ್ಕು, ಮೋಟಾರು ಕಂಪನಿಗಳು ಸೇರಿ 1936ರಲ್ಲಿ ಮೆಲ್ಬರ್ನ್‌ನಲ್ಲಿ ವಿಮಾನ ಕಂಪನಿ ಕಟ್ಟಿದಾಗ ಚುಕ್ಕಾಣಿ ಅವರ ಕೈಗೆ ಬಂತು. ವ್ಯಾಕೆಟ್ ಆರಿಸಿಕೊಂಡದ್ದು ಬ್ರಿಟಿಷ್ ವಿಮಾನವನ್ನಲ್ಲ, ಅಮೆರಿಕದ ಮಾದರಿಯನ್ನು. ಬ್ರಿಟನ್ ಮುನಿಸಿಕೊಂಡಿತು, ಆಸ್ಟ್ರೇಲಿಯಾ ಕಿವಿಗೆ ಹಾಕಿಕೊಳ್ಳಲಿಲ್ಲ. 1939ರ ಮಾರ್ಚ್‌ನಲ್ಲಿ ಆ ಮಾದರಿಯಿಂದ ರೂಪುಗೊಂಡ ವಿರವೇ ಎಂಬ ವಿಮಾನ ಹಾರಿತು. ಒಟ್ಟು 755 ತಯಾರಾದವು.

ಇತ್ತ ಬೆಂಗಳೂರಿನ ಕಾರ್ಖಾನೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂಬ ಹೆಸರಿನಲ್ಲಿ ನೋಂದಣಿಯಾದದ್ದು 1940ರ ಡಿಸೆಂಬರ್ 23ರಂದು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸಂಸ್ಥಾನ ಜಮೀನು ಕೊಟ್ಟಿತು, 25 ಲಕ್ಷ ರೂಪಾಯಿ ಹೂಡಿತು. 1941ರ ಆಗಸ್ಟ್‌ನಲ್ಲಿ ಹಾರ್ಲೋ ತರಬೇತಿ ವಿಮಾನ, ಮರುವರ್ಷ ಜುಲೈನಲ್ಲಿ ಕರ್ಟಿಸ್ ಹಾಕ್ ಹಾರಿದವು. ಅಷ್ಟರಲ್ಲಾಗಲೇ, 1942ರ ಏಪ್ರಿಲ್‌ನಲ್ಲಿ, ಭಾರತ ಸರ್ಕಾರ ವಾಲ್‌ಚಂದ್ ಪಾಲನ್ನು ಕೊಂಡುಕೊಂಡಿತ್ತು. 1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಯಿತು.

ಅಮೆರಿಕದಿಂದ ಬಂದ ಭಾಗ ಜೋಡಿಸಿದ್ದಕ್ಕೆ ಕೈಗಾರಿಕೆ ಎನ್ನಬೇಕೇ ಎಂದು ಕೇಳಬಹುದು. ವ್ಯಾಕೆಟ್ ಶುರುಮಾಡಿದ್ದೂ ಪರರ ನಕ್ಷೆಯಿಂದಲೇ. ಅವರಿಗೆ ಮುಂದೆ ಹೋಗಲು ಬಿಟ್ಟರು, ಬೆಂಗಳೂರಿನವರಿಗೆ ಬಿಡಲಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಜಪಾನ್ ಬರ್ಮಾ ಗೆದ್ದು ಬಾಗಿಲಿಗೆ ಬಂದಾಗ ಕೆಟ್ಟ ವಿಮಾನ ಸರಿಮಾಡುವುದೇ ಮೊದಲ ಕೆಲಸವಲ್ಲವೇ? ಹೌದು, ಆ ದುರಸ್ತಿ ಯುದ್ಧಕ್ಕೆ ಬೇಕೇ ಬೇಕಿತ್ತು. ಆದರೆ 1942ರ ಫೆಬ್ರವರಿಯಲ್ಲಿ ಡಾರ್ವಿನ್ ಮೇಲೂ ಬಾಂಬು ಬಿದ್ದಿತ್ತು. ವ್ಯಾಕೆಟ್ ತಮ್ಮ ವಿನ್ಯಾಸದ ಕೋಣೆಗೆ ಬೀಗ ಹಾಕಲಿಲ್ಲ. ಫ್ರೆಡ್ ಡೇವಿಡ್ ಎಂಬ ಆಸ್ಟ್ರಿಯಾದ ನಿರಾಶ್ರಿತ, ಸರ್ಕಾರದ ಕಡತದಲ್ಲಿ 'ಶತ್ರು ದೇಶದವ', ಅಲ್ಲಿ ಬೂಮರಾಂಗ್ ಯುದ್ಧವಿಮಾನದ ನಕ್ಷೆ ಬರೆಯುತ್ತಿದ್ದ. ಕೆಲವೇ ತಿಂಗಳಲ್ಲಿ, ಅದೇ ಮೇ 29ರಂದು ಅದು ಹಾರಿತು. ಶತ್ರು ದೇಶದವನಿಗೂ ಸಿಕ್ಕ ನಂಬಿಕೆ ಬೆಂಗಳೂರಿನಲ್ಲಿ ಬಂಡವಾಳ ಹೂಡಿದವರಿಗೆ ಸಿಗಲಿಲ್ಲ. ಮೈಸೂರು ಸೀಮೆಯಿಂದ ಪ್ಯಾರಾಚೂಟಿಗೆ ರೇಷ್ಮೆ ಬೇಕಿತ್ತು, ರಿಪೇರಿಗೆ ಕೈಗಳು ಬೇಕಿದ್ದವು. ವಿಮಾನ ರೂಪಿಸುವ ತಲೆಗಳು ಬೇಕಿರಲಿಲ್ಲ. ತಲೆಗಳಿಗೇನೂ ಬರವಿರಲಿಲ್ಲ, ಎಂಜಿನಿಯರ್ ವಿಷ್ಣು ಮಾಧವ ಘಾಟಗೆ ಯುದ್ಧದ ವರ್ಷಗಳಲ್ಲೇ ಬೆಂಗಳೂರಿನ ಕಾರ್ಖಾನೆಯಲ್ಲಿ ಗ್ಲೈಡರ್ ರೂಪಿಸಿದ್ದರು. ಅವರ ಎಚ್‌ಟಿ-2 ತರಬೇತಿ ವಿಮಾನ ಮಾತ್ರ ಹಾರಿದ್ದು 1951ರ ಆಗಸ್ಟ್‌ನಲ್ಲಿ, ವಿರವೇ ಹಾರಿ ಹನ್ನೆರಡು ವರ್ಷ ಕಳೆದ ಮೇಲೆ.