ಓಟಗಾರ್ತಿಗೆ ನೀರೂ ಕಂಟಕವಾಗಬಲ್ಲದೆ?

ಅಮೆರಿಕದ ಬಾಸ್ಟನ್ ನಗರದಲ್ಲಿ ಏಪ್ರಿಲ್ ತಿಂಗಳ ಮೂರನೇ ಸೋಮವಾರ ನಡೆಯುವ ಮ್ಯಾರಥಾನ್ ಓಟ 1897ರಷ್ಟು ಹಳೆಯದು. ದೂರ 42.195 ಕಿ.ಮೀ. ಇದರಲ್ಲಿ ಓಡಬೇಕಾದರೆ ಬೇರೊಂದು ಅಂಗೀಕೃತ ಮ್ಯಾರಥಾನನ್ನು ವಯಸ್ಸಿಗೆ ತಕ್ಕಂತೆ ಗೊತ್ತುಪಡಿಸಿದ ಅವಧಿಯೊಳಗೆ ಮುಗಿಸಿರಬೇಕು. ಇನ್ನೊಂದು ದಾರಿಯೂ ಉಂಟು. ದತ್ತಿ ಸಂಸ್ಥೆಯೊಂದಕ್ಕಾಗಿ ಹಣ ಸಂಗ್ರಹಿಸಿಕೊಟ್ಟರೆ ನಿಧಾನವಾಗಿ ಓಡುವವರಿಗೂ ಪ್ರವೇಶ ಸಿಗುತ್ತದೆ.

ಬಾಸ್ಟನ್ ವಿಶ್ವವಿದ್ಯಾಲಯಗಳ ಊರು. ಹೊರದೇಶಗಳಿಂದ ಓದಲು ಬಂದು ನೆಲೆಸಿದವರು ಅಲ್ಲಿ ಬಹಳ. ಅಂಥ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಸೆಕೆಯ ನಾಡಿನಲ್ಲಿ ಹುಟ್ಟಿ ಬೆಳೆದವಳು, ತೂಕ 60 ಕೆ.ಜಿ. ಹವ್ಯಾಸಕ್ಕಾಗಿ ಓಡಲು ಕಲಿತು, ದತ್ತಿ ಸಂಸ್ಥೆಯ ಮೂಲಕ ಸ್ಪರ್ಧೆಗೆ ಹೆಸರು ಕೊಟ್ಟಿದ್ದಾಳೆ. ಅಭ್ಯಾಸವೆಲ್ಲ ನಡೆದದ್ದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಹಿಮದ ನಡುವೆ. 'ಬಿಸಿಲು ನನಗೇನು ಹೊಸದೆ?' ಎಂದು ಅವಳು ಭಾವಿಸಿದರೆ ಅದು ತಪ್ಪು. ಬಿಸಿಲಿಗೆ ದೇಹ ಒಗ್ಗಿಕೊಳ್ಳಲು ಎರಡು ವಾರ ಸಾಕು. ಹಾಗೆಯೇ, ಚಳಿಯಲ್ಲಿ ಕೆಲವೇ ವಾರ ಕಳೆದರೆ ಆ ಒಗ್ಗುವಿಕೆ ಇಲ್ಲವಾಗುತ್ತದೆ. ಬಾಸ್ಟನ್ನಿನ ಏಪ್ರಿಲ್ ಹವೆಯನ್ನಂತೂ ನಂಬುವಂತಿಲ್ಲ. 2012ರಲ್ಲಿ ಓಟದ ದಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ದಾಟಿತ್ತು; 2018ರಲ್ಲಿ ಕೊರೆಯುವ ಚಳಿ, ಜೊತೆಗೆ ಮಳೆ.

ಹಾಗಾಗಿ ಅವಳನ್ನು ಕಾಡುವುದು ನಿರ್ಜಲೀಕರಣದ ಭಯ. 'ಬಾಯಾರುವ ಮೊದಲೇ ಕುಡಿ' ಎಂದು ಹೇಳುವ ಗೆಳೆಯರಿಗೂ ಕೊರತೆಯಿಲ್ಲ. ದಾರಿಯಲ್ಲಿ ಹೆಚ್ಚುಕಡಿಮೆ ಪ್ರತಿ ಮೈಲಿಗೂ ಮೇಜು ಹಾಕಿ ಕಾಗದದ ಲೋಟಗಳಲ್ಲಿ ನೀರು ಮತ್ತು ಕ್ರೀಡಾಪಾನೀಯ ಇಟ್ಟಿರುತ್ತಾರೆ. ಮೇಜಿಗೆರಡು ಲೋಟದಂತೆ ಕುಡಿದರೂ ಐದು ಗಂಟೆಯಲ್ಲಿ ಸುಮಾರು 5 ಲೀಟರ್ ಹೊಟ್ಟೆ ಸೇರುತ್ತದೆ. ಎರಡೂವರೆ ಗಂಟೆಯಲ್ಲಿ ಗುರಿ ಮುಟ್ಟುವವರಿಗೆ ಅಷ್ಟು ಕುಡಿಯಲು ಪುರುಸೊತ್ತೇ ಇರುವುದಿಲ್ಲ! ಅಪಾಯ ಇರುವುದು ನಿಧಾನವಾಗಿ ಓಡುವವರಿಗೆ.

ಅಪಾಯ ಎಂಥದು? ಲೆಕ್ಕ ಹಾಕಿ ನೋಡೋಣ. ನಮ್ಮ ಓಟಗಾರ್ತಿಯ ದೇಹದಲ್ಲಿರುವ ಒಟ್ಟು ನೀರು ಸುಮಾರು 32 ಲೀಟರ್ ಎಂದಿಟ್ಟುಕೊಳ್ಳಿ. ರಕ್ತದಲ್ಲಿ ಸೋಡಿಯಂ ಸಾಂದ್ರತೆ ಲೀಟರಿಗೆ 140 ಮಿಲಿಮೋಲ್ (ಸಹಜ ಮಿತಿ 135ರಿಂದ 145). ಗುಣಿಸಿದರೆ 4480. ತಂಪಾದ ದಿನ ನಿಧಾನವಾಗಿ ಓಡುವಾಗ ಗಂಟೆಗೆ ಅರ್ಧ ಲೀಟರ್ ಬೆವರಿದರೆ ಐದು ಗಂಟೆಗೆ ಎರಡೂವರೆ ಲೀಟರ್. ಬೆವರಿನಲ್ಲಿ ಲೀಟರಿಗೆ 40 ಮಿಲಿಮೋಲ್ ಸೋಡಿಯಂ ಇದ್ದರೆ ನಷ್ಟ 100. ಉಳಿದದ್ದು 4380. ನೀರು ಮಾತ್ರ 32ರಿಂದ 34.5 ಲೀಟರಿಗೆ ಏರಿದೆ. ಭಾಗಿಸಿ: 127! ಕ್ರೀಡಾಪಾನೀಯ ಕುಡಿದಿದ್ದರೆ? ಅದರಲ್ಲಿ ಸೋಡಿಯಂ ಲೀಟರಿಗೆ ಸುಮಾರು 20 ಮಿಲಿಮೋಲ್ ಮಾತ್ರ. ಬೆವರಿನ ನಷ್ಟವೇನೋ ತುಂಬಿತು, ಹೆಚ್ಚುವರಿ ನೀರು ಹಾಗೇ ಉಳಿಯಿತು. ಸಾಂದ್ರತೆ 130. ಇದು ಸ್ಥೂಲ ಲೆಕ್ಕ. ಜೀವಕೋಶಗಳ ಒಳಗೆ ಸೋಡಿಯಂಗಿಂತ ಪೊಟ್ಯಾಸಿಯಂ ಹೆಚ್ಚು. ಆದರೆ ನೀರು ಕೋಶಪೊರೆಯನ್ನು ಸುಲಭವಾಗಿ ದಾಟುವುದರಿಂದ ಒಟ್ಟು ಫಲ ಇದೇ.

ಹೆಚ್ಚಾದ ನೀರು ಮೂತ್ರವಾಗಿ ಹೋಗಬೇಕಲ್ಲ ಎಂದು ವಿದ್ಯಾರ್ಥಿಗಳು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ವಿಶ್ರಾಂತಿಯಲ್ಲಿದ್ದರೆ ಹೋಗುತ್ತಿತ್ತು. ದೀರ್ಘ ಓಟದ ಒತ್ತಡದಲ್ಲಿ ಪಿಟ್ಯುಟರಿ ಗ್ರಂಥಿಯಿಂದ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಸ್ರವಿಸುತ್ತದೆ. ಅದು ನೀರನ್ನು ಹಿಡಿದಿಡುವಂತೆ ಮೂತ್ರಪಿಂಡಗಳಿಗೆ ಸೂಚಿಸುತ್ತದೆ. ಆಗ ಅಭಿಸರಣೆಯ ನಿಯಮದಂತೆ ನೀರು ರಕ್ತದಿಂದ ಜೀವಕೋಶಗಳೊಳಕ್ಕೆ ನುಗ್ಗುತ್ತದೆ. ನೀರಿನಲ್ಲಿ ನೆನೆಸಿದ ಒಣದ್ರಾಕ್ಷಿ ಉಬ್ಬುವುದನ್ನು ತರಗತಿಯಲ್ಲಿ ತೋರಿಸಬಹುದು. ಸ್ನಾಯು ಉಬ್ಬಿದರೆ ಜಾಗವಿದೆ. ತಲೆಬುರುಡೆಯೊಳಗೆ ಮಿದುಳಿಗೆ ಜಾಗವೆಲ್ಲಿ? ವಾಕರಿಕೆ, ತಲೆನೋವು, ಮಂಕು, ಸೆಳವು, ಕೊನೆಗೆ ಪ್ರಜ್ಞಾಹೀನತೆ. ಈ ಸ್ಥಿತಿಗೆ ಹೈಪೋನೇಟ್ರೀಮಿಯ ಎಂದು ಹೆಸರು.

ಇದು ಬರಿಯ ಕಾಗದದ ಲೆಕ್ಕವಲ್ಲ. ದಕ್ಷಿಣ ಆಫ್ರಿಕದ ಟಿಮ್ ನೋಕ್ಸ್ 1985ರಲ್ಲೇ ನಾಲ್ವರು ಕ್ರೀಡಾಪಟುಗಳ ಉದಾಹರಣೆ ಕೊಟ್ಟು ಎಚ್ಚರಿಸಿದ್ದರು. ಆದರೂ 1996ರಲ್ಲಿ ಅಮೆರಿಕದ ಕ್ರೀಡಾವೈದ್ಯ ಸಂಸ್ಥೆಯೊಂದು ಗಂಟೆಗೆ 600ರಿಂದ 1200 ಮಿ.ಲೀ. ಕುಡಿಯಬಹುದೆಂದಿತು. ಮೇಲಿನ ಮಿತಿ ನಿಧಾನಗತಿಯ ಓಟಗಾರರಿಗೆ ತೀರಾ ಹೆಚ್ಚಾಯಿತು ಎಂಬುದು ಇಂದು ಸ್ಪಷ್ಟ. 2002ರ ಬಾಸ್ಟನ್ ಓಟದಲ್ಲಿ ಹವ್ಯಾಸಿ ಓಟಗಾರ್ತಿಯೊಬ್ಬರು ದಾರಿಯಲ್ಲೇ ಕುಸಿದು, ಇದೇ ಕಾರಣದಿಂದ ಮೃತಪಟ್ಟರು. ಅದೇ ಓಟದಲ್ಲಿ ಸಂಶೋಧಕರು ಗುರಿ ಮುಟ್ಟಿದವರ ರಕ್ತ ಪರೀಕ್ಷಿಸುತ್ತಿದ್ದುದು ಕಾಕತಾಳೀಯ. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 488 ಮಂದಿಯಲ್ಲಿ ಶೇಕಡ 13ರಷ್ಟು ಜನರ ಸೋಡಿಯಂ 135 ಅಥವಾ ಅದಕ್ಕಿಂತ ಕಡಿಮೆ ಇತ್ತು. ಮೂವರಲ್ಲಿ 120 ಅಥವಾ ಅದಕ್ಕಿಂತಲೂ ಕೆಳಗೆ. ಓಟದ ನಂತರ ತೂಕ ಹೆಚ್ಚಿದವರಲ್ಲೂ, ನಾಲ್ಕು ಗಂಟೆಗೂ ಹೆಚ್ಚು ಕಾಲ ಓಡಿದವರಲ್ಲೂ ತೊಂದರೆ ಹೆಚ್ಚು. ಕುಡಿದದ್ದು ನೀರೋ ಕ್ರೀಡಾಪಾನೀಯವೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ.

ಹಾಗೆಂದು ನೀರನ್ನೇ ಬಿಡುವಂತಿಲ್ಲ. ಬಿರುಬಿಸಿಲಿನಲ್ಲಿ ನಿರ್ಜಲೀಕರಣವೂ ಕಾವೇರಿಕೆಯೂ ನಿಜವಾದ ಅಪಾಯಗಳೇ. 2015ರಲ್ಲಿ ತಜ್ಞರು ಒಮ್ಮತದಿಂದ ಹೇಳಿದ್ದು ಇಷ್ಟೆ: ಬಾಯಾರಿದಾಗ, ಬಾಯಾರಿದಷ್ಟು ಕುಡಿಯಿರಿ. ಅಭ್ಯಾಸದ ದಿನಗಳಲ್ಲಿ ಓಟಕ್ಕೆ ಮೊದಲು ಮತ್ತು ನಂತರ ತೂಕ ನೋಡಿಕೊಂಡರೆ ತನ್ನ ಬೆವರಿನ ಪ್ರಮಾಣ ತಿಳಿಯುತ್ತದೆ. ಓಡಿದ ಮೇಲೆ ತೂಕ ಏರಿದ್ದರೆ ಅಗತ್ಯಕ್ಕಿಂತ ಹೆಚ್ಚು ಕುಡಿದಿದ್ದಾಳೆ ಎಂದೇ ಅರ್ಥ.

ನಿರ್ಜಲೀಕರಣದಲ್ಲೂ ವಾಕರಿಕೆ, ತಲೆನೋವು, ಮಂಕು ಕಾಣಿಸಿಕೊಳ್ಳಬಹುದಾದ್ದರಿಂದ ಕುಸಿದವಳಿಗೆ ಜೊತೆಗಾರರು ಇನ್ನಷ್ಟು ನೀರು ಕುಡಿಸುವುದುಂಟು. ಅದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ವೈದ್ಯಕೀಯ ಡೇರೆಯಲ್ಲಿ ಮೊದಲು ಸೋಡಿಯಂ ಅಳೆದು ನೋಡುತ್ತಾರೆ. ಅದು ಕಡಿಮೆಯಿದ್ದು ಮಿದುಳು ಬಾಧಿತವಾಗಿದ್ದರೆ ಸಾಮಾನ್ಯ ಸಲೈನ್ ಬದಲು ಶೇಕಡ 3ರ ಉಪ್ಪಿನ ದ್ರಾವಣವನ್ನು 100 ಮಿ.ಲೀ.ನಷ್ಟು ರಕ್ತನಾಳಕ್ಕೆ ಕೊಡುತ್ತಾರೆ. ರಕ್ತದ ಸಾಂದ್ರತೆ ಏರಿದಂತೆ ನೀರು ಮಿದುಳಿನಿಂದ ಹೊರಕ್ಕೆ ಹರಿಯತೊಡಗುತ್ತದೆ.