ಒಬ್ಬ ಪಾತ್ರಧಾರಿ ಕಡಿಮೆ

ಗ್ರಾಮಫೋನಿನಲ್ಲಿ ಸಂಗೀತ ಕೇಳುವವರಿಗೆ ಜೊತೆಗಾರರು ಬೇಕಿಲ್ಲ. ಹಾಸ್ಯದ ಮಾತು ಬೇರೆ. ಅಕ್ಕಪಕ್ಕದವರು ನಗುತ್ತಿದ್ದರೆ ಸಾಧಾರಣ ಜೋಕಿಗೂ ನಗು ಬರುತ್ತದೆ. ಒಬ್ಬರೇ ಕುಳಿತು ಕೇಳಿದರೆ ಒಳ್ಳೆಯ ಜೋಕೂ ಸಪ್ಪೆಯಾಗುವುದುಂಟು. ಅಮೆರಿಕದ ಹಾಸ್ಯಗಾರರು ಎಲ್‌ಪಿ ಕಾಲದಲ್ಲಿ ತಮ್ಮ ಮಾತನ್ನು ಹೆಚ್ಚಾಗಿ ಕ್ಲಬ್ಬುಗಳಲ್ಲಿ, ಪ್ರೇಕ್ಷಕರ ಎದುರಿಗೇ ಧ್ವನಿಮುದ್ರಿಸಿಕೊಳ್ಳುತ್ತಿದ್ದುದು ಇದಕ್ಕಾಗಿಯೇ. 1960ರಲ್ಲಿ ಹೀಗೆ ಬಂದ ಬಾಬ್ ನ್ಯೂಹಾರ್ಟ್ ಅವರ ಮೊದಲ ಆಲ್ಬಮ್, ಹಾಡಿನ ಆಲ್ಬಮ್‌ಗಳನ್ನೆಲ್ಲ ಹಿಂದಿಕ್ಕಿ ವರ್ಷದ ಶ್ರೇಷ್ಠ ಆಲ್ಬಮ್ ಎಂದು ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಅಂಥ ಮುದ್ರಿಕೆಗಳಲ್ಲಿ ಅರ್ಧ ಕೆಲಸ ಹಾಸ್ಯಗಾರನದು, ಉಳಿದರ್ಧ ಆ ರಾತ್ರಿ ಅಲ್ಲಿದ್ದ ಜನರ ನಗುವಿನದು.

ಸ್ಟುಡಿಯೋದಲ್ಲಿ ಬೇಕಾದ ಸದ್ದುಗಳನ್ನೆಲ್ಲ ಸೃಷ್ಟಿಸಬಹುದು. ಆದರೆ ಅಲ್ಲಿ ನಗುವವರಿಲ್ಲ. ಈ ಕೊರತೆಯನ್ನೇ ಹಾಸ್ಯದ ವಸ್ತುವಾಗಿಸಿದವರು ಆಲ್ಬರ್ಟ್ ಬ್ರೂಕ್ಸ್. 2003ರ ‘ಫೈಂಡಿಂಗ್ ನೀಮೋ’ ಚಿತ್ರದಲ್ಲಿ ಕಳೆದುಹೋದ ಮಗನನ್ನು ಹುಡುಕುವ ತಂದೆ ಮೀನಿಗೆ ದನಿ ಕೊಟ್ಟವರು ಇವರೇ. 1973ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನ ಹೆಸರು ‘ಕಾಮಿಡಿ ಮೈನಸ್ ಒನ್’.

ಇದರಲ್ಲಿ ವೇದಿಕೆಯ ಮೇಲಿನ ಮಾತುಗಳೂ ಇವೆ. ಗಾಯಕರ ಕಛೇರಿಗೆ ಮುನ್ನ ಹಾಸ್ಯ ಹೇಳಲು ನಿಂತು, ಗಾಯಕರಿಗಾಗಿ ಕಾದಿರುವ ಜನರನ್ನು ಎದುರಿಸುವ ಪಾಡು ಒಂದು. ದೇಶಕ್ಕೆ ಹೊಸ ರಾಷ್ಟ್ರಗೀತೆ ಬೇಕೆಂದರೆ ಸಾಮಾನ್ಯ ಜನ ಎಂತೆಂಥ ಹಾಡು ಹೊಸೆದು ತರಬಹುದೆಂದು ಹಾಡಿ ತೋರಿಸುವುದು ಇನ್ನೊಂದು. ಎರಡೂ ಚೆನ್ನಾಗಿವೆ. ಆದರೆ ಈ ಆಲ್ಬಮ್ಮನ್ನು ಜನ ನೆನೆಯುವುದು ಶೀರ್ಷಿಕೆಯ ತುಣುಕಿಗಾಗಿ.

ಸಂಗೀತ ಕಲಿಯುವವರಿಗಾಗಿ ಅಮೆರಿಕದಲ್ಲಿ ‘ಮ್ಯೂಸಿಕ್ ಮೈನಸ್ ಒನ್’ ಎಂಬ ಮುದ್ರಿಕೆಗಳು 1950ರ ದಶಕದಿಂದ ಬಂದಿದ್ದವು. ಅವುಗಳಲ್ಲಿ ಇಡೀ ವಾದ್ಯವೃಂದವಿರುತ್ತದೆ, ಒಂದು ವಾದ್ಯ ಮಾತ್ರ ಇರುವುದಿಲ್ಲ. ಅದನ್ನು ಕಲಿಯುವವರು ಮನೆಯಲ್ಲಿ ಕುಳಿತು ನುಡಿಸಬೇಕು. ಕರೋಕೆಗೆ ಅಣ್ಣನೆನ್ನಬಹುದು. ಬ್ರೂಕ್ಸ್ ಇದನ್ನು ಹಾಸ್ಯಕ್ಕೆ ತಂದರು. ಆಲ್ಬಮ್ಮಿನ ಜೊತೆಗೊಂದು ಅಚ್ಚಾದ ಸಂಭಾಷಣೆ ಬರುತ್ತಿತ್ತು. ಮುದ್ರಿಕೆಯಲ್ಲಿ ಬ್ರೂಕ್ಸ್ ತಮ್ಮ ಮಾತು ಹೇಳಿ ನಿಲ್ಲುತ್ತಾರೆ. ಆ ಮೌನದಲ್ಲಿ ಕೇಳುಗ ತನ್ನ ಮಾತು ಓದಬೇಕು. ಓದಿದೊಡನೆ ಸಭೆ ನಗುತ್ತದೆ! ಓದದಿದ್ದರೂ ನಗುತ್ತದೆ ಎನ್ನುವುದೇ ಇದರ ತಮಾಷೆ. ಯಾರೂ ಆಡದ ಮಾತಿಗೆ ಬೀಳುವ ನಗು ಕೇಳಲು ವಿಚಿತ್ರ, ತುಸು ಭಯ ಹುಟ್ಟಿಸುವಂಥದ್ದೂ ಹೌದು.

ನಗುವನ್ನು ನಂಬದಿರಲು ಬ್ರೂಕ್ಸ್ ಅವರಿಗೆ ಕಾರಣವಿತ್ತು ಎಂದರೆ ತಪ್ಪಾಗಲಾರದು. ಅವರ ಹುಟ್ಟು ಹೆಸರು, ನಂಬಿದರೆ ನಂಬಿ, ಆಲ್ಬರ್ಟ್ ಐನ್‌ಸ್ಟೈನ್. ತಂದೆ ಹ್ಯಾರಿ ಐನ್‌ಸ್ಟೈನ್ ರೇಡಿಯೋದಲ್ಲಿ ‘ಪಾರ್ಕ್ಯಕಾರ್ಕಸ್’ ಎಂಬ ಪಾತ್ರದಿಂದ ಹೆಸರಾದ ಹಾಸ್ಯಗಾರ. 1958ರ ನವೆಂಬರಿನಲ್ಲಿ ಬೆವರ್ಲಿ ಹಿಲ್ಸ್‌ನ ಹೋಟೆಲೊಂದರಲ್ಲಿ ಹಾಸ್ಯಗಾರರ ಔತಣಕೂಟ. ಹ್ಯಾರಿ ತಮ್ಮ ಸರದಿಯ ಭಾಷಣದಲ್ಲಿ ಸಭೆಯನ್ನು ನಗಿಸಿ, ಬಂದು ಕುಳಿತವರೇ ಪಕ್ಕದಲ್ಲಿದ್ದ ಮಿಲ್ಟನ್ ಬರ್ಲ್ ಅವರ ಮೇಲೆ ಕುಸಿದರು. ಸಭೆಯಲ್ಲಿ ಡಾಕ್ಟರು ಯಾರಾದರೂ ಇದ್ದೀರಾ ಎಂದು ಬರ್ಲ್ ಕೇಳಿದಾಗ, ಅದೂ ಹಾಸ್ಯವೆಂದೇ ತಿಳಿದು ಜನ ನಕ್ಕರು. ಹ್ಯಾರಿ ಉಳಿಯಲಿಲ್ಲ. ಆಗ ಆಲ್ಬರ್ಟ್‌ಗೆ 11 ವರ್ಷ.

1975ರಲ್ಲಿ ಬ್ರೂಕ್ಸ್ ಇನ್ನೊಂದು ಆಲ್ಬಮ್ ತಂದರು. ಆಮೇಲೆ ಒಲವು ಸಿನಿಮಾದ ಕಡೆ ಹರಿಯಿತು. ಆದರೆ ಹಳೆಯ ಗುಂಗು ಬಿಡಲಿಲ್ಲ. 2005ರಲ್ಲಿ ತಯಾರಾದ ‘ಲುಕಿಂಗ್ ಫಾರ್ ಕಾಮಿಡಿ ಇನ್ ದಿ ಮುಸ್ಲಿಂ ವರ್ಲ್ಡ್’ ಚಿತ್ರದಲ್ಲಿ ಅವರು ತಮ್ಮದೇ ಹೆಸರಿನ ಪಾತ್ರವಾಗಿ ಭಾರತಕ್ಕೆ ಬರುತ್ತಾರೆ. ಮುಸ್ಲಿಮರನ್ನು ನಗಿಸುವುದು ಯಾವುದು ಎಂಬ ಬಗ್ಗೆ 500 ಪುಟಗಳ ವರದಿ ಬರೆಯಬೇಕೆಂಬುದು ಅಮೆರಿಕ ಸರ್ಕಾರದ ಅಪ್ಪಣೆ. ದೆಹಲಿಯ ಸಭಾಂಗಣವೊಂದರಲ್ಲಿ ಅವರು ಕಾರ್ಯಕ್ರಮ ನೀಡುತ್ತಾರೆ. 1970ರ ದಶಕದಲ್ಲಿ ಅಮೆರಿಕದ ಟಿ.ವಿ.ಯಲ್ಲಿ ನಗೆಯುಕ್ಕಿಸಿದ್ದ, ಗೊಂಬೆಗೆ ದನಿ ಕೊಡಲು ಬಾರದ ಗೊಂಬೆಯಾಟಗಾರನ ಪಾತ್ರವನ್ನೂ ಮಾಡಿ ತೋರಿಸುತ್ತಾರೆ. ಪ್ರೇಕ್ಷಕರು ಶ್ರದ್ಧೆಯಿಂದ ನೋಡುತ್ತ ಕುಳಿತಿದ್ದಾರೆ. ಯಾರೂ ನಗುವುದಿಲ್ಲ.