ಕೌದಿ ಹಾಸಿಕೊಂಡು ಯೋಗ ಮಾಡಬಹುದೇ?

ಪ್ರಶ್ನೆ: ಮನೆಯಲ್ಲೇ ಯೋಗ ಶುರು ಮಾಡಬೇಕೆಂದಿದ್ದೇನೆ. ಯಾದಗಿರಿಗೆ ಹೋಗಿ ಕಲಿಯುವಷ್ಟು ಪುರುಸೊತ್ತಿಲ್ಲ. ಮ್ಯಾಟ್ ಕೊಳ್ಳಲೇಬೇಕೆ?
– ಓದುಗರು, ಶಹಾಪುರ

ಉತ್ತರ: ಬೇಕಿಲ್ಲ. ತಾಡಾಸನ, ವೃಕ್ಷಾಸನದಂಥ ನಿಂತು ಮಾಡುವ ಆಸನಗಳಿಗೆ ಬರಿಗಾಲು, ಪರಸಿ ನೆಲ ಸಾಕು; ಅಲ್ಲಿ ಕೌದಿ ಹಾಸಿದರೆ ಜಾರೀತು. ಕೂತು, ಮಲಗಿ ಮಾಡುವುದಕ್ಕೆ ಮಾತ್ರ ಕೌದಿ ಇರಲಿ.

ಮೈ ಬಾಗದಿದ್ದರೆ ಗೋಡೆ, ಕುರ್ಚಿ, ಹಗ್ಗದ ಆಸರೆ ತೆಗೆದುಕೊಳ್ಳಿ, ನಾಚಿಕೆ ಬೇಡ. ಈ ಆಸರೆಗಳನ್ನೇ ಒಂದು ಪದ್ಧತಿಯಾಗಿ ಬೆಳೆಸಿದವರು ನಮ್ಮವರೇ ಆದ ಬಿ.ಕೆ.ಎಸ್. ಅಯ್ಯಂಗಾರ್. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲಿ ಕ್ಷಯ, ಟೈಫಾಯ್ಡ್ ಎಲ್ಲ ಅನುಭವಿಸಿದವರು. ಮೈಸೂರಿನಲ್ಲಿದ್ದ ಭಾವ ಟಿ. ಕೃಷ್ಣಮಾಚಾರ್ಯರ ಬಳಿ 1934ರಲ್ಲಿ ಯೋಗಕ್ಕೆ ಬಂದಾಗಲೂ ಬಡಕಲು ಹುಡುಗ.

ನಿಜವಾದ ತೊಡಕು ನಮ್ಮ ಬಿಸಿಲು. ಯಾದಗಿರಿಯಿರಲಿ, ಸುರಪುರವಿರಲಿ, ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಮಾಳಿಗೆ ಮೇಲೆ ಮಲಗುವವರು ಎದ್ದಲ್ಲೇ, ಹೊತ್ತು ಮೂಡುವ ಮೊದಲೇ ಮುಗಿಸುವುದು ಒಳ್ಳೆಯದು. ಸಂಜೆಗಾದರೆ ರೊಟ್ಟಿ ಉಂಡು ಮೂರ್ನಾಲ್ಕು ತಾಸಾದರೂ ಆಗಿರಬೇಕು. ದಿನವಿಡೀ ಹೊಲದಲ್ಲಿ ಹತ್ತಿ ಬಿಡಿಸಿ ಬಂದವರು ಮುಂದೆ ಬಾಗುವ ಆಸನಕ್ಕೆ ಹೋಗದೆ, ಬೆನ್ನ ಮೇಲೆ ಮಲಗಿ ಗೋಡೆಗೆ ಕಾಲು ಚಾಚಿದರೆ ಸಾಕು. ಬಿಪಿ, ಹೃದಯದ ತೊಂದರೆ ಇದ್ದವರು, ಬಸುರಿಯರು ಮೊದಲು ಡಾಕ್ಟರರನ್ನು ಕೇಳಿ.

ದಿನಕ್ಕೆ ಕಾಲು ತಾಸಿನಿಂದ ಆರಂಭಿಸಿ. ಶೀರ್ಷಾಸನವನ್ನು ಮಾತ್ರ ದಯವಿಟ್ಟು ಮೊಬೈಲ್ ನೋಡಿ ಕಲಿಯಬೇಡಿ.